ಮಂಟಪದ ತಳದಲ್ಲೊಂದು ಜಿರಾಫೆ

ಮೇ ತಿಂಗಳ ರಜೆಯಲ್ಲಿ ಬೆಂಗಳೂರು, ಮುಂಬಯಿಗಳಿಂದ ಕರಾವಳಿಯ ಅಜ್ಜಿಮನೆಗೆ ಬರುವ ಮಕ್ಕಳಿಗೆ ಒಂದು ದಿನದ ‘ಟೂರು’ ತಪ್ಪಿದ್ದಲ್ಲ. ಬೆಳಿಗ್ಗೆ ಆರಕ್ಕೆ ಬಾಡಿಗೆ ವ್ಯಾನು ಅಂಗಳಕ್ಕೆ ಬರುತ್ತದೆ. ಮೂರು ದೇವಸ್ಥಾನ, ಎರಡು ಬಸದಿ, ಒಂದು ಕೋಟೆ, ಸಂಜೆಗೆ ಸಮುದ್ರ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ದಿನ ಮುಗಿಸಿ ಮನೆಗೆ ಮರಳಿದಾಗ ಅಜ್ಜಿ ಮೊಮ್ಮಕ್ಕಳನ್ನು ‘ಏನೇನು ನೋಡಿದಿರಿ ಮಕ್ಕಳೇ?’ ಎಂದು ಕೇಳಿದರು. ಮೂವರದೂ ಒಂದೇ ಉತ್ತರ: ‘ಗಡ್‌ಬಡ್ ಐಸ್‌ಕ್ರೀಂ!’

ತಪ್ಪು ಮಕ್ಕಳದಲ್ಲ. ನಾವು ಮಾಡಿಸಿದ್ದೇ ಗಡಿಬಿಡಿಯ ಪ್ರವಾಸ. ಮರುವರ್ಷ ಬೇರೆ ದಾರಿ ಹಿಡಿದೆವು. ಒಂದು ದಿನಕ್ಕೆ ಒಂದೇ ಊರು. ಅಲ್ಲಿ ಹುಡುಕುವುದಕ್ಕೆ ಒಂದೇ ವಸ್ತು.

ಮೊದಲ ಊರು ಮೂಡುಬಿದಿರೆ. ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್. ದಾರಿಯಲ್ಲೇ ಪಾಠ ಶುರುವಾಯಿತು. ಮೂಡು ಎಂದರೆ ಪೂರ್ವ, ಪಡು ಎಂದರೆ ಪಶ್ಚಿಮ. ಸಮುದ್ರದ ಬದಿಯ ಬಿದಿರಿನೂರು ಪಡುಬಿದ್ರಿ, ಒಳನಾಡಿನದು ಮೂಡುಬಿದಿರೆ. ಸಾವಿರ ಕಂಬದ ಬಸದಿಯ ಮುಂದೆ ನಿಂತು ಮಕ್ಕಳಿಗೆ ಹೇಳಿದ್ದು ಇಷ್ಟೇ: ‘ಇಲ್ಲೊಂದು ಜಿರಾಫೆ ಇದೆ, ಹುಡುಕಿ.’

ಅರ್ಧ ಗಂಟೆ ಬೇಕಾಯಿತು. ಆ ಅರ್ಧ ಗಂಟೆಯಲ್ಲಿ ಒಂದೊಂದು ಕಂಬವನ್ನೂ ಸುತ್ತಿದರು, ಒಂದರ ಕೆತ್ತನೆ ಇನ್ನೊಂದರಂತಿಲ್ಲ ಎಂಬುದನ್ನು ತಾವೇ ಕಂಡುಕೊಂಡರು. ಕೊನೆಗೆ ಭೈರಾದೇವಿ ಮಂಟಪದ ತಳಭಾಗದ ಕೆತ್ತನೆಗಳಲ್ಲಿ ಉದ್ದ ಕೊರಳಿನ ಆ ಪ್ರಾಣಿ ಸಿಕ್ಕಿತು. ಅಲ್ಲೇ ಚೀನಾದ ಮಾದರಿಯ ಡ್ರ್ಯಾಗನ್ ಕೂಡ. ಆಗ ಮಕ್ಕಳಿಂದಲೇ ಪ್ರಶ್ನೆ ಬಂತು: ‘ಆಫ್ರಿಕಾದ ಪ್ರಾಣಿ ಇಲ್ಲಿಗೆ ಹೇಗೆ ಬಂತು?’

ಕರಾವಳಿಯ ಚರಿತ್ರೆಯ ಬಾಗಿಲು ಈ ಪ್ರಶ್ನೆಯೇ. ಈ ಬಸದಿಯ ಕೆಲಸ ಆರಂಭವಾದದ್ದು 1430ರಲ್ಲಿ. ಅದೇ ಕಾಲದಲ್ಲಿ ಚೀನಾದ ನೌಕಾಪಡೆ ಕಲ್ಲಿಕೋಟೆಯನ್ನು ಹಾದು ಆಫ್ರಿಕಾದ ಕರಾವಳಿಯವರೆಗೂ ಹೋಗಿ ಬರುತ್ತಿತ್ತು. ಚೀನಾದ ಅರಮನೆಗೆ ಜಿರಾಫೆಗಳು ಕಾಣಿಕೆಯಾಗಿ ತಲುಪಿದ್ದೂ ಆ ಶತಮಾನದ ಆರಂಭದಲ್ಲೇ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಹೋದದ್ದು ಮಂಗಳೂರಿನ ಮೂಲಕ. ಅಕ್ಕಿ, ಕರಿಮೆಣಸುಗಳು ಹಡಗು ಹತ್ತುತ್ತಿದ್ದ ಈ ದಡದಲ್ಲಿ ದೂರದೇಶದ ಸುದ್ದಿಯೂ ಚಿತ್ರವೂ ಇಳಿಯುತ್ತಿದ್ದವು. ಮೂಡುಬಿದಿರೆಯ ಶಿಲ್ಪಿ ಜಿರಾಫೆಯನ್ನು ಕಣ್ಣಾರೆ ನೋಡಿದ್ದನೋ, ನಾವಿಕರ ಮಾತು ಕೇಳಿ ಕೆತ್ತಿದನೋ ಎಂಬ ಚರ್ಚೆಯನ್ನು ಮಕ್ಕಳಿಗೇ ಬಿಡುವುದು ಒಳ್ಳೆಯದು. ಮನೆ ತಲುಪುವವರೆಗೆ ಅದು ಮುಗಿಯಲಿಲ್ಲ.

ಬಸದಿಯ ಬಗ್ಗೆ ಚಿಕ್ಕವಳು ಇನ್ನೊಂದು ಮಾತು ಹೇಳಿದಳು: ‘ಇದು ದೇವಸ್ಥಾನದ ಹಾಗಿಲ್ಲ, ಮನೆಯ ಹಾಗಿದೆ.’ ಸರಿಯಾದ ಮಾತು. ಕೆಳಗೆ ಕಲ್ಲು, ಮೇಲೆ ಮರ, ಅದರ ಮೇಲೆ ಇಳಿಜಾರು ಮಾಡು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನೆಲದಲ್ಲಿ ದೇವರಿಗಾದರೂ ಇಳಿಜಾರು ಮಾಡು ಬೇಕು. ಬೇಲೂರಿನಂತೆ ಯಾಕಿಲ್ಲ ಎಂಬುದಕ್ಕೆ ಆಕಾಶವೇ ಉತ್ತರ.

ಎರಡನೆಯ ದಿನಕ್ಕೆ ಆ ಮಾಡೇ ವಿಷಯವಾಯಿತು. ಅದಕ್ಕೆ ವ್ಯಾನು ಬೇಕಾಗಲಿಲ್ಲ. ಅಜ್ಜಿಮನೆಯ ಹಿತ್ತಿಲಲ್ಲಿ ರಾಶಿ ಹಾಕಿದ್ದ ಹಳೆಯ ಹಂಚುಗಳೇ ಸಾಕಾದವು. ಹಂಚನ್ನು ಮಗುಚಿ ಮಣ್ಣು ಒರೆಸಿದರೆ ಕಾರ್ಖಾನೆಯ ಹೆಸರು ಉಬ್ಬಕ್ಷರಗಳಲ್ಲಿ ಕಾಣುತ್ತದೆ, ಕೆಲವದರಲ್ಲಿ ಇಸವಿಯೂ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಅಚ್ಚಿನಲ್ಲಿ ಕೂತು, ಸುಟ್ಟು ಕೆಂಪಾಗಿ, ಹಡಗೇರಿ ಹೊರನಾಡುಗಳಿಗೂ ಹೋಯಿತು. ಒಂದರ ತೋಡಿಗೆ ಇನ್ನೊಂದರ ಅಂಚು ಕಚ್ಚಿಕೊಳ್ಳುವುದರಿಂದ ಗಾಳಿಗೆ ಏಳುವುದಿಲ್ಲ, ನೀರು ಒಳಗಿಳಿಯುವುದಿಲ್ಲ. ಅಂಗಳದಲ್ಲಿ ನಾಲ್ಕು ಹಂಚು ಜೋಡಿಸಿ ಚೊಂಬಿನಿಂದ ನೀರು ಹೊಯ್ದು ನೋಡಿದರೆ ಪುಸ್ತಕದ ಅಗತ್ಯವಿಲ್ಲ. ಇದೇ ಮಿಷನ್ನಿನ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಹಂಚಿನ ಕಾರ್ಖಾನೆಗಳಲ್ಲಿ ಹಲವು ಈಗ ಮುಚ್ಚಿವೆ; ತಾರಸಿ ಮನೆಗಳು ಎದ್ದಿವೆ. ಮನೆ ಕೆಡವುವಾಗ ಇಂಥ ಒಂದು ಹಂಚನ್ನಾದರೂ ಮಕ್ಕಳಿಗಾಗಿ ತೆಗೆದಿಡಬೇಕು.

ಮೂರನೆಯದು ರಾತ್ರಿಯ ಪಾಠ, ಯಕ್ಷಗಾನ. ಮೇಳಗಳ ತಿರುಗಾಟ ನವೆಂಬರಿನ ಹೊತ್ತಿಗೆ ಆರಂಭವಾಗಿ ಮೇ ಕೊನೆಯ ವಾರದ ಪತ್ತನಾಜೆಗೆ ಮುಗಿಯುತ್ತದೆ. ರಜೆಗೆ ಬಂದವರು ಅದರೊಳಗೆ ಒಂದು ಬಯಲಾಟ ಹಿಡಿಯಬೇಕು. ಕಾಲಮಿತಿಯ ಆಟಗಳೂ ಇರುವುದರಿಂದ ಮಕ್ಕಳು ನಿದ್ದೆಗೆಡಬೇಕಾಗಿಲ್ಲ. ಆದರೆ ಆಟಕ್ಕಿಂತ ಮುಂಚೆಯೇ ಹೋಗಿ, ಮೇಳದವರ ಅನುಮತಿ ಕೇಳಿ, ಚಪ್ಪಲಿ ಹೊರಗಿಟ್ಟು ಚೌಕಿಗೆ ಕರೆದೊಯ್ಯಿರಿ. ಸಾಧಾರಣ ಮೈಕಟ್ಟಿನ ಒಬ್ಬರು ಚಾಪೆಯ ಮೇಲೆ ಕುಳಿತು, ಕನ್ನಡಿ ಹಿಡಿದು, ತಮ್ಮ ಮುಖಕ್ಕೆ ತಾವೇ ಬಣ್ಣ ಬರೆಯುತ್ತಿರುತ್ತಾರೆ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಒಂದೊಂದೇ ಚುಟ್ಟಿ ಇಡುವುದಕ್ಕೆ ಗಂಟೆಗಟ್ಟಲೆ ತಾಳ್ಮೆ ಬೇಕು. ಅದೇ ವ್ಯಕ್ತಿ ಮಧ್ಯರಾತ್ರಿ ಮಹಿಷಾಸುರನಾಗಿ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಆರ್ಭಟಿಸುತ್ತ ಬಂದಾಗ, ಚೌಕಿ ನೋಡಿದ ಮಗು ಹೆದರುತ್ತದೆ, ಆದರೆ ಓಡುವುದಿಲ್ಲ. ವೇಷದ ಹಿಂದಿನ ಮನುಷ್ಯನ ಪರಿಚಯ ಅದಕ್ಕಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2022ರಲ್ಲಿ ‘ಕಾಂತಾರ’ ಚಿತ್ರ ಬಂದ ಮೇಲೆ ಭೂತಕೋಲ ನೋಡುವ ಆಸೆ ಹೊರಗಿನವರಲ್ಲೂ ಹುಟ್ಟಿದೆ. ಕೋಲ ಆಟವಲ್ಲ, ಆರಾಧನೆ. ಊರಿನ ಮನೆತನಗಳು, ಭೂತ ಕಟ್ಟುವ ಸಮುದಾಯಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದ ನಂಬಿಕೆಯ ವಿಷಯ. ಮಕ್ಕಳನ್ನು ಕರೆದೊಯ್ಯುವುದಾದರೆ ಆ ಮನೆಯವರ ಜೊತೆಗೇ ಹೋಗಬೇಕು, ಮೊಬೈಲು ಜೇಬಿನಲ್ಲಿರಬೇಕು. ಎಲ್ಲವನ್ನೂ ನೋಡುವ ಹಕ್ಕು ನಮಗಿಲ್ಲ ಎಂಬುದೂ ಮಕ್ಕಳು ಕಲಿಯಬೇಕಾದ ಸಂಸ್ಕೃತಿಯೇ.

ಮಕ್ಕಳ ಕುತೂಹಲವನ್ನು ಗಂಭೀರವಾಗಿ ತೆಗೆದುಕೊಂಡವರು ಈ ನೆಲದಲ್ಲೇ ಇದ್ದರು. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಬರೆದರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಮಗು ಕೇಳುವ ಪ್ರಶ್ನೆ ದೊಡ್ಡವರ ಉತ್ತರಕ್ಕಿಂತ ಚಿಕ್ಕದಲ್ಲ ಎಂಬ ಭಾವನೆ ಆ ಕೆಲಸದ ಹಿಂದಿತ್ತು.

ಇಂದು ಕರಾವಳಿಯ ಅನೇಕ ಮನೆಗಳಲ್ಲಿ ಅಜ್ಜ ಅಜ್ಜಿ ಮಾತ್ರ ಉಳಿದಿದ್ದಾರೆ. ಮೊಮ್ಮಕ್ಕಳಿಗೆ ತುಳು ಅರ್ಧ ತಿಳಿಯುತ್ತದೆ, ಊರು ಎಂದರೆ ವರ್ಷಕ್ಕೆ ಹದಿನೈದು ದಿನ. ಬಸದಿಯ ಕಲ್ಲು ಇನ್ನೂ ಆರುನೂರು ವರ್ಷ ನಿಂತೀತು. ಅದನ್ನು ಕಂಡು ‘ಇದು ಯಾಕೆ ಹೀಗಿದೆ?’ ಎಂದು ಕೇಳುವವರು, ಕೇಳಿದರೆ ಹೇಳುವವರು ಅಷ್ಟು ಕಾಲ ಇರುತ್ತಾರೆಂದು ಹೇಳಲಾಗದು. ಹದಿನೈದು ದಿನದಲ್ಲಿ ಹದಿನೈದು ಊರು ತೋರಿಸಬೇಕಾಗಿಲ್ಲ. ಮೂರು ಸಾಕು, ಜೊತೆಗೆ ಅಜ್ಜನೋ ಅಜ್ಜಿಯೋ ಇದ್ದರೆ.

ಆ ವರ್ಷ ಮಕ್ಕಳು ಹೊರಡುವಾಗ ಅಜ್ಜಿ ಮತ್ತದೇ ಪ್ರಶ್ನೆ ಕೇಳಿದರು. ಐಸ್‌ಕ್ರೀಮಿನ ಹೆಸರು ಆಗಲೂ ಬಂತು. ಆದರೆ ಎರಡನೆಯದಾಗಿ.