ಹವಾಯಿಯ ‘ಹಲ’ ವೃಕ್ಷ
ನಮ್ಮ ಕೇದಗೆಯ ಕುಲಕ್ಕೆ ಸೇರಿದ ‘ಹಲ’ ವೃಕ್ಷವು ಹವಾಯಿಯ ಕಡಲ ತಡಿಯಲ್ಲಿ ಊರೆಗೋಲುಗಳಂತಹ ಬೇರುಗಳ ಮೇಲೆ ನಿಂತಿರುತ್ತದೆ. ಭೌತಶಾಸ್ತ್ರ ಕಲಿಸುವ ನಮ್ಮನ್ನು ಸೆಳೆದುದು ಅದರ ಕಾಯಿ. ನಾರಿನಿಂದ ತುಂಬಿದ ತೊಳೆಗಳು ನೀರಿಗಿಂತ ಹಗುರವಾದುದರಿಂದ ತಿಂಗಳುಗಟ್ಟಲೆ ತೇಲಬಲ್ಲವು. ಮಾನವನೇ ಈ ಮರವನ್ನು ಅಲ್ಲಿಗೆ ಒಯ್ದನೆಂದು ಕೆಲವರು ಎಣಿಸಿದ್ದರು. 1993ರಲ್ಲಿ ಕವಾಯಿ ದ್ವೀಪದ ಲಾವಾ ಬಂಡೆಯಲ್ಲಿ ಹತ್ತು ಲಕ್ಷ ವರ್ಷಗಳಿಗೂ ಹಿಂದಿನ ಕಾಯಿಗಳ ಅಚ್ಚು ದೊರೆತು ಆ ವಾದವು ಬಿದ್ದುಹೋಯಿತು.

ಅಲ್ಲಿಯ ಜನರು ಎಲೆಯ ಮುಳ್ಳು ತೆಗೆದು, ಒಣಗಿಸಿ, ಸೀಳಿ, ಚಾಪೆ ಬುಟ್ಟಿಗಳನ್ನು ಹೆಣೆದರು. ದೋಣಿಯ ಹಾಯಿಯೂ ಇಂತಹ ಚಾಪೆಯೇ! ಒಣಗಿದ ತೊಳೆಯ ನಾರುತುದಿಯು ‘ಕಾಪ’ವೆಂಬ ತೊಗಟೆಬಟ್ಟೆಗೆ ಬಣ್ಣ ಹಚ್ಚುವ ಕುಂಚ, ಕಾಸು ಕೊಡಬೇಕಾಗಿಲ್ಲದ ಕುಂಚ.

1995ರಲ್ಲಿ ಮೌಯಿ ದ್ವೀಪದಲ್ಲಿ ಕಂಡುಬಂದ ಶಲ್ಕಕೀಟವೊಂದು ಎಲೆಯ ರಸ ಹೀರಿ ಅದನ್ನು ಹಳದಿಗೆ ತಿರುಗಿಸುತ್ತದೆ. ಅಂತಹ ಎಲೆಯು ಹೆಣಿಗೆಗೆ ಒದಗದು. ಕೀಟವು ಇತರ ದ್ವೀಪಗಳಿಗೂ ಹರಡಿದೆ.