ಹೆಸರಿನಲ್ಲಿ ಒಂದು, ಆಡುವಾಗ ಹಲವು: ಜರ್ಮನ್–ಅರಬ್ಬಿ ದುಭಾಷಿಯ ಆಯ್ಕೆ

ಜರ್ಮನಿಯಲ್ಲಿ ಆಶ್ರಯ ಕೋರುವ ಅರಬ್ಬಿ ಭಾಷಿಕರ ಭವಿಷ್ಯವು ಬಹುಮಟ್ಟಿಗೆ ಒಂದು ಮೌಖಿಕ ವಿಚಾರಣೆಯನ್ನು ಅವಲಂಬಿಸಿರುತ್ತದೆ. ಅಧಿಕಾರಿ ಜರ್ಮನ್‌ನಲ್ಲಿ ಪ್ರಶ್ನಿಸುತ್ತಾರೆ. ಅರ್ಜಿದಾರರು ಅರಬ್ಬಿಯಲ್ಲಿ ಉತ್ತರಿಸುತ್ತಾರೆ. ಕಡತಕ್ಕೆ ಸೇರುವುದು ದುಭಾಷಿ ಹೇಳಿದ ಜರ್ಮನ್ ಮಾತು. ಈ ಕೆಲಸವನ್ನು ಹೆಚ್ಚಾಗಿ ಸ್ವತಂತ್ರ ವೃತ್ತಿಯ ದುಭಾಷಿಗಳೇ ನಿರ್ವಹಿಸುತ್ತಾರೆ. ಆದುದರಿಂದ ತಕ್ಕ ದುಭಾಷಿಯನ್ನು ಹುಡುಕುವುದು ಕೇವಲ ಅನುಕೂಲದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೂ ಹೌದು.

ಹುಡುಕಾಟಕ್ಕೆ ಅಧಿಕೃತ ದಾರಿಗಳುಂಟು. ಪ್ರಮಾಣವಚನ ಸ್ವೀಕರಿಸಿದ ದುಭಾಷಿಗಳ ಹಾಗೂ ಅನುವಾದಕರ ಪಟ್ಟಿಯನ್ನು ಜರ್ಮನಿಯ ರಾಜ್ಯಗಳ ನ್ಯಾಯಾಂಗ ಇಲಾಖೆಗಳು ಒಟ್ಟಾಗಿ ಪ್ರಕಟಿಸುತ್ತವೆ. 1955ರಲ್ಲಿ ಸ್ಥಾಪಿತವಾದ ದುಭಾಷಿ–ಅನುವಾದಕರ ಫೆಡರಲ್ ಸಂಘವೂ ತನ್ನ ಸದಸ್ಯರ ವಿವರಗಳನ್ನು ಒದಗಿಸುತ್ತದೆ. ನ್ಯಾಯಾಲಯದ ದುಭಾಷಿಗಳ ಅರ್ಹತೆಯನ್ನು ಏಕರೂಪಗೊಳಿಸುವ ಕಾನೂನು 2023ರ ಜನವರಿ 1ರಂದು ಜಾರಿಗೆ ಬಂದಿತು. ಆಶ್ರಯ ಕಾನೂನಿನಂತೆ ವಿಚಾರಣೆಗೆ ಸರ್ಕಾರವೇ ದುಭಾಷಿಯನ್ನು ಒದಗಿಸಬೇಕು. ಅರ್ಜಿದಾರರು ಸ್ವಂತ ಖರ್ಚಿನಲ್ಲಿ ತಮಗೆ ಒಪ್ಪುವ ದುಭಾಷಿಯನ್ನೂ ಕರೆತರಬಹುದು.

ತೊಡಕು ಇರುವುದು ಪಟ್ಟಿಯಲ್ಲಿನ ‘ಅರಬ್ಬಿ’ ಎಂಬ ಒಂದೇ ಪದದಲ್ಲಿ. 1959ರಲ್ಲಿ ಚಾರ್ಲ್ಸ್ ಫರ್ಗ್ಯುಸನ್ ಶಿಷ್ಟ ರೂಪ ಮತ್ತು ಆಡುರೂಪಗಳ ನಡುವಿನ ಅಂತರವನ್ನು ‘ಡೈಗ್ಲಾಸಿಯಾ’ ಎಂಬ ಪರಿಕಲ್ಪನೆಯಡಿ ವಿವರಿಸಿದಾಗ, ಅವರ ನಾಲ್ಕು ನಿದರ್ಶನಗಳಲ್ಲಿ ಅರಬ್ಬಿಯೂ ಸ್ವಿಟ್ಜರ್ಲೆಂಡಿನ ಜರ್ಮನ್ನೂ ಸೇರಿದ್ದವು. ಶಾಲೆಯಲ್ಲಿ ಕಲಿತ ಶಿಷ್ಟ ಅರಬ್ಬಿ ಯಾರ ಮನೆಮಾತೂ ಅಲ್ಲ. ಈಜಿಪ್ಟಿನಲ್ಲಿ ‘ಮಾಶಿ’ ಎಂದರೆ ‘ಆಗಲಿ’. ಮೊರಾಕೊದಲ್ಲಿ ಅದೇ ಪದ ‘ಅಲ್ಲ’ ಎಂಬ ನಿಷೇಧವನ್ನು ಸೂಚಿಸುತ್ತದೆ. ಸಿರಿಯಾದಲ್ಲಿ ಆರೋಗ್ಯದ ಹಾರೈಕೆಯಾಗಿ ಬಳಕೆಯಾಗುವ ‘ಆಫಿಯಾ’ ಮೊರಾಕೊದಲ್ಲಿ ಬೆಂಕಿಯ ಹೆಸರು. ಇಂತಹ ಒಂದು ಪದ ತಪ್ಪಿದರೂ ಹೇಳಿಕೆಗಳು ಪರಸ್ಪರ ವಿರುದ್ಧವೆಂದು ತೋರಿ, ಹೇಳಿದವರ ಮೇಲಿನ ನಂಬಿಕೆಯೇ ಕುಸಿಯಬಹುದು.

ಹೀಗಾಗಿ ಪ್ರಮಾಣಪತ್ರವನ್ನು ನೋಡಿದ ಬಳಿಕವೂ ಕೆಲವು ಪ್ರಶ್ನೆಗಳು ಉಳಿಯುತ್ತವೆ. ದುಭಾಷಿಗೆ ಯಾವ ಪ್ರದೇಶದ ಅರಬ್ಬಿ ಬಳಕೆಯಲ್ಲಿದೆ? ನ್ಯಾಯಾಲಯ, ಆಸ್ಪತ್ರೆ, ಸಮ್ಮೇಳನ—ಇವುಗಳಲ್ಲಿ ಯಾವುದರ ಅನುಭವವಿದೆ? ಮಾತು ನಿಂತಮೇಲೆ ಅನುವಾದಿಸುವವರೋ, ಮಾತಿನೊಡನೆಯೇ ಅನುವಾದಿಸುವವರೋ? ಎರಡನೆಯ ಬಗೆಯ ದೀರ್ಘ ಕೆಲಸಕ್ಕೆ ಸರದಿಯಂತೆ ಮಾತನಾಡುವ ಇಬ್ಬರು ಬೇಕಾಗುತ್ತಾರೆ. ವಿಚಾರಣೆಗೆ ಮೊದಲು ಇಬ್ಬರೂ ಐದು ನಿಮಿಷ ಮಾತನಾಡಿ ನೋಡುವುದು ಹಿತ. ಬಂಧುಗಳನ್ನು, ವಿಶೇಷವಾಗಿ ಮಕ್ಕಳನ್ನು, ದುಭಾಷಿಗಳನ್ನಾಗಿ ಕೂರಿಸಬಾರದು. ಹೇಳಲಾಗದ ಸಂಗತಿಗಳು ಅವರೆದುರು ಹೇಳದೆಯೇ ಉಳಿಯುತ್ತವೆ. ಕೊನೆಗೆ ದಾಖಲೆಯನ್ನು ಅರ್ಜಿದಾರರಿಗೆ ಅವರ ಭಾಷೆಯಲ್ಲಿ ಓದಿಹೇಳುವ ಹಂತವಿದೆ. ತಿದ್ದುಪಡಿಗೆ ದೊರೆಯುವ ಆ ಅವಕಾಶವನ್ನು ಆಯಾಸದಿಂದ ಬಿಟ್ಟುಕೊಡಬಾರದು.

ಗಡಿಯಾಚೆಯ ಕನ್ನಡಕ್ಕೂ ಈ ವಿಚಾರ ಹೊರತಲ್ಲ. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಆತನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬುದು 1973ರ ದಂಡ ಪ್ರಕ್ರಿಯಾ ಸಂಹಿತೆಯ ನಿಯಮ; 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. ಕೇರಳದ 1969ರ ರಾಜಭಾಷಾ ಕಾನೂನು ಅಲ್ಲಿನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ವಿಶೇಷ ಅವಕಾಶವನ್ನು ಕಲ್ಪಿಸಿದೆ. ಆದರೆ ಕಾನೂನಿನ ‘ಕನ್ನಡ’ವೂ ಒಂದು ಹೆಸರು ಮಾತ್ರ. ಕಾಸರಗೋಡಿನ ಹವ್ಯಕ ಮನೆಮಾತನ್ನೂ ಸೊಲ್ಲಾಪುರದ ಆಡುಗನ್ನಡವನ್ನೂ ಒಬ್ಬರೇ ದುಭಾಷಿ ಸಮನಾಗಿ ಬಲ್ಲರೆಂದು ಭಾವಿಸಲಾಗದು. ಭಾಷೆಯ ಹಕ್ಕು ಕಾಗದದಿಂದ ಕಿವಿಗೆ ಇಳಿಯಬೇಕಾದರೆ, ‘ಯಾವ ಭಾಷೆ’ ಎಂಬ ಪ್ರಶ್ನೆಯ ಜೊತೆಗೆ ‘ಯಾವ ಊರಿನ ಮಾತು’ ಎಂಬುದನ್ನೂ ಕೇಳಬೇಕಾಗುತ್ತದೆ.