ಹೊಸ ಆಲೋಚನೆ ಹೊಳೆಯುವ ಬಗೆ

ಕಳೆದ ಆಷಾಢದಲ್ಲಿ ಕೊಳ್ಳೇಗಾಲದ ಕಡೆಯ ನೇಕಾರರೊಬ್ಬರು ಮುಳ್ಳೂರಿನ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು 46. ಎದೆಯುರಿ, ಹಣೆಯ ಎರಡೂ ಬದಿಗಳಲ್ಲಿ ಶೂಲೆ, ರಾತ್ರಿ ಎರಡು ಗಂಟೆಯವರೆಗೂ ನಿದ್ರೆಯಿಲ್ಲ. ನಾಡಿ ನೋಡಿ, ನಾಲಗೆ ನೋಡಿ, ಇನ್ನೇನು ಔಷಧಿ ಬರೆಯಬೇಕೆನ್ನುವಷ್ಟರಲ್ಲಿ ಅವರು ತಡೆದು ನಿಜವಾದ ಸಂಕಟವನ್ನು ಹೇಳಿದರು: “ಬುದ್ಧಿ, ತಲೆ ಖಾಲಿ ಆಗ್ಬುಟ್ಟದೆ. ಮೂರು ತಿಂಗ್ಳಿಂದ ಒಂದು ಹೊಸ ಅಂಚು ಹೊಳೀನಿಲ್ಲ. ತಲೆ ಓಡೋಕೆ ಏನಾದ್ರೂ ಕೊಡಿ.” ನಮ್ಮ ಸೀಮೆಯಲ್ಲಿ ಹಿರಿಯರನ್ನು ‘ಬುದ್ಧಿ’ ಎಂದೇ ಕರೆಯುವ ರೂಢಿಯುಂಟು. ಬುದ್ಧಿ ಎಂದು ಕರೆದವರೇ ಬುದ್ಧಿಗೆ ಔಷಧಿಯನ್ನು ಕೇಳಿದಾಗ ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವರ ನಕಾಶೆಯನ್ನೇ ನಕಲು ಮಾಡಿದ ಪವರ್‌ಲೂಮ್ ಸೀರೆ ಅರ್ಧ ಬೆಲೆಗೆ ಸಿಗುತ್ತಿರುವಾಗ, ಹೊಸ ಅಂಚೊಂದೇ ಅವರ ಕೈಮಗ್ಗವನ್ನು ಉಳಿಸಬಲ್ಲದು. ಇಬ್ಬರು ಹೆಣ್ಣುಮಕ್ಕಳು ಕಾಲೇಜಿನಲ್ಲಿದ್ದಾರೆ, ಸಂಘದ ಸಾಲದ ಕಂತು ನಿಂತಿದೆ.

ಇಂತಹ ಪ್ರಶ್ನೆಯನ್ನು ಮಠದ ಭಕ್ತರಲ್ಲಿ ಹಲವರು ಬೇರೆ ಬೇರೆ ರೂಪದಲ್ಲಿ ನನ್ನಲ್ಲಿ ಕೇಳಿದ್ದಾರೆ. ಪಾಠಕ್ಕೆ ಹೊಸ ವಿಧಾನ ತೋಚದ ಶಿಕ್ಷಕಿ, ಅರಿಶಿನದ ಬೆಲೆ ಬಿದ್ದು ಮುಂದೇನೆಂದು ತಿಳಿಯದ ಕೃಷಿಕ, ಪ್ರಬಂಧ ಬರೆಯಲಾರದ ವಿದ್ಯಾರ್ಥಿ. ಆದ್ದರಿಂದ ಈ ತಿಂಗಳ ಆರೋಗ್ಯ ವಿಭಾಗವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಚರಕಸಂಹಿತೆಯ ಶಾರೀರಸ್ಥಾನವು ಮನಸ್ಸಿನ ವಿಷಯಗಳನ್ನು ಐದಾಗಿ ಹೇಳುತ್ತದೆ: ಚಿಂತ್ಯ, ವಿಚಾರ್ಯ, ಊಹ್ಯ, ಧ್ಯೇಯ, ಸಂಕಲ್ಪ್ಯ. ಆಚಾರ್ಯರು ಇವನ್ನು ಮೆಟ್ಟಿಲುಗಳೆಂದು ಹೇಳಿಲ್ಲ. ಆದರೆ ಮೆಟ್ಟಿಲುಗಳಂತೆಯೂ ಓದಿಕೊಳ್ಳಬಹುದೆಂಬುದು ನನ್ನ ಅಭಿಪ್ರಾಯ. ಏನನ್ನು ಮಾಡಬೇಕೆಂದು ಯೋಚಿಸುವುದು ಚಿಂತ್ಯ. ಅದು ಏಕೆ ಹಾಗೆ, ಏಕೆ ಹೀಗಲ್ಲ ಎಂದು ಕೆದಕುವುದು ವಿಚಾರ್ಯ. ಹೀಗಿದ್ದರೆ ಹೇಗೆ ಎಂದು ಇಲ್ಲದ್ದನ್ನು ಕಲ್ಪಿಸುವುದು ಊಹ್ಯ. ಹೊಸತು ಹುಟ್ಟುವುದು ಇಲ್ಲಿ. ಹುಟ್ಟಿದ ಹಲವು ಊಹೆಗಳಲ್ಲಿ ಒಂದರ ಮೇಲೆ ನಿಲ್ಲುವುದು ಧ್ಯೇಯ, ಗುಣದೋಷಗಳನ್ನು ತೂಗಿ ಇದನ್ನೇ ಮಾಡುವೆನೆಂದು ನಿಶ್ಚಯಿಸುವುದು ಸಂಕಲ್ಪ್ಯ. ನಮ್ಮಲ್ಲಿ ಬಹುಮಂದಿ ಮಾಡುವ ತಪ್ಪೆಂದರೆ ಚಿಂತ್ಯದಿಂದ ನೇರವಾಗಿ ಸಂಕಲ್ಪ್ಯಕ್ಕೆ ಜಿಗಿಯುವುದು. ಊಹೆಯೊಂದು ತಲೆಯೆತ್ತುವ ಮೊದಲೇ ‘ಇದು ಆಗುವುದಿಲ್ಲ’, ‘ಇದಕ್ಕೆ ಗಿರಾಕಿಯಿಲ್ಲ’ ಎಂದು ತೂಗಲು ಕುಳಿತರೆ ಊಹ್ಯವೆಂಬ ಕೋಣೆಯ ಬಾಗಿಲೇ ಮುಚ್ಚಿಹೋಗುತ್ತದೆ.

ಅದೇ ಶಾರೀರಸ್ಥಾನದಲ್ಲಿ ಮನಸ್ಸಿಗೆ ಎರಡು ಗುಣಗಳನ್ನು ಹೇಳಿದೆ: ಅದು ಅಣು, ಅದು ಏಕ. ಅಂದರೆ ಏಕಕಾಲದಲ್ಲಿ ಅದು ಎರಡು ಕಡೆ ಇರಲಾರದು. ನಮ್ಮ ನೇಕಾರರು ಪ್ರತಿ ರಾತ್ರಿ ಮೊಬೈಲಿನಲ್ಲಿ ನೂರಾರು ಸೀರೆಗಳ ಚಿತ್ರಗಳನ್ನು ಸರಿಸುತ್ತಾ ಕೂರುತ್ತಿದ್ದರಂತೆ, ‘ಐಡಿಯಾ’ ಸಿಗಲೆಂದು. ಒಂದು ಚಿತ್ರದ ಮೇಲೆ ಮನಸ್ಸು ನಿಲ್ಲುವ ಮೊದಲೇ ಮುಂದಿನದು ಬಂದಿರುತ್ತದೆ. ಇದು ಸಂಗ್ರಹವಲ್ಲ, ಚದುರುವಿಕೆ. ಜೊತೆಗೆ ರಾತ್ರಿ ಜಾಗರಣೆಯು ವಾತವನ್ನು ಕೆರಳಿಸಿ ದೇಹವನ್ನು ರೂಕ್ಷಗೊಳಿಸುತ್ತದೆ. ಹೊತ್ತು ಮೀರಿದ ಊಟ, ಮೇಲಿಂದ ಮೇಲೆ ಕಾಫಿ ಪಿತ್ತವನ್ನು ಕೆಡಿಸುತ್ತವೆ. ಹೃದಯಸ್ಥಾನದ ಸಾಧಕಪಿತ್ತವೇ ಬುದ್ಧಿ, ಮೇಧಾ, ಅಭಿಮಾನಗಳ ಮೂಲಕ ಅಂದುಕೊಂಡದ್ದನ್ನು ಸಾಧಿಸಿಕೊಡುತ್ತದೆಂದು ವಾಗ್ಭಟರು ಹೇಳುತ್ತಾರೆ. ಎದೆಯುರಿಯೂ ಅಂಚು ಹೊಳೆಯದಿರುವುದೂ ಅವರಲ್ಲಿ ಒಂದೇ ಬೇರಿನ ಎರಡು ಕವಲುಗಳಾಗಿದ್ದವು.

ಹಾಗಾದರೆ ನಿಜವಾದ ಸಂಗ್ರಹವೆಂದರೇನು? ಇದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ತಾಲ್ಲೂಕಿನಲ್ಲೇ, ಚಿಲಕವಾಡಿಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸು ಮಾಡಿದ ನಿಜಗುಣ ಶಿವಯೋಗಿಗಳನ್ನು ನೆನೆಯೋಣ. ಕೈವಲ್ಯಪದ್ಧತಿಯ ಹಾಡುಗಳನ್ನು ನಾವು ಭಜನೆಯಲ್ಲಿ ಹಾಡುತ್ತೇವೆ. ಆದರೆ ಅವರೇ ವಿವೇಕಚಿಂತಾಮಣಿಯೆಂಬ ಗದ್ಯಗ್ರಂಥವನ್ನೂ ರಚಿಸಿದ್ದಾರೆ. ಸಂಗೀತವೂ ಸೇರಿದಂತೆ ನಾನಾ ಶಾಸ್ತ್ರಗಳ ವಿವರಗಳನ್ನು ಒಂದೆಡೆ ತಂದ ಆ ಗ್ರಂಥವನ್ನು ವಿದ್ವಾಂಸರು ಕನ್ನಡದ ವಿಶ್ವಕೋಶವೆಂದು ಕರೆಯುತ್ತಾರೆ. ಹಾಡು ಹೊಳೆದ ತಲೆಯೂ, ಶಾಸ್ತ್ರಗಳನ್ನು ಹೆಕ್ಕಿ ಹೆಸರಿಟ್ಟು ಜೋಡಿಸಿದ ತಲೆಯೂ ಒಂದೇ. ತುಂಬಿದ ಕಣಜದಿಂದಲ್ಲವೇ ಬಿತ್ತನೆಗೆ ಕಾಳು ಬರುವುದು!

ಪಕ್ಕದ ಯಳಂದೂರಿನ ಷಡಕ್ಷರದೇವನನ್ನು ನೋಡಿ. 1671ರಲ್ಲಿ ಮುಗಿದ ವೃಷಭೇಂದ್ರವಿಜಯಕ್ಕೆ ವಸ್ತು ಬಸವಣ್ಣನವರ ಚರಿತೆ. ಅದನ್ನು ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ, 1369ರಲ್ಲಿ ಭೀಮಕವಿಯು ಕನ್ನಡದ ಷಟ್ಪದಿಯಲ್ಲಿ ಆಗಲೇ ಹೇಳಿದ್ದರು. ಹಳೆಯ ಕಥೆಯನ್ನೇ ಚಂಪೂ ರೂಪಕ್ಕೆ ತಂದಾಗ ಅದು ಬೇರೊಂದೇ ಕಾವ್ಯವಾಯಿತು. ಹೊಸತೆಂದರೆ ಎಲ್ಲವೂ ಹೊಸತಾಗಿರಬೇಕೆಂಬ ಭ್ರಮೆಯನ್ನು ಬಿಡಬೇಕು. ಇದ್ದುದನ್ನು ಬೇರೆ ಅಳತೆಗೆ, ಬೇರೆ ಜಾಗಕ್ಕೆ, ಬೇರೆ ಬಳಕೆಗೆ ತಂದು ನೋಡುವುದೂ ಒಂದು ಉಪಾಯವೇ. ಅಂಚಿನದು ಸೆರಗಿಗೆ ಹೋದರೆ ಹೇಗೆ? ದೊಡ್ಡದು ಚಿಕ್ಕದಾದರೆ? ಒಂದನ್ನು ಬಿಟ್ಟರೆ? ಹೀಗೆ ಪ್ರಶ್ನೆಗಳನ್ನು ಹಾಕಿಕೊಳ್ಳುತ್ತಾ ಹೋದರೆ ಊಹ್ಯವು ತಾನಾಗಿ ನಡೆಯುತ್ತದೆ.

ಯಳಂದೂರಿನವಳೇ ಆದ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದುಕೊಂಡೇ ಹದಿಬದೆಯ ಧರ್ಮವನ್ನು ಸಾಂಗತ್ಯದಲ್ಲಿ ಬರೆದಳು. ಶರಣರಲ್ಲಂತೂ ಅಂಬಿಗರ ಚೌಡಯ್ಯನಿಗೆ ದೋಣಿ, ಜೇಡರ ದಾಸಿಮಯ್ಯನಿಗೆ ಮಗ್ಗ, ನುಲಿಯ ಚಂದಯ್ಯನಿಗೆ ಹಗ್ಗ. ಕೈ ಒಂದೇ ಲಯದಲ್ಲಿ ದುಡಿಯುತ್ತಿರುವಾಗ ಮನಸ್ಸಿಗೆ ಸಿಗುವ ಬಿಡುವು ಸಾಮಾನ್ಯವಾದದ್ದಲ್ಲ. ಲಾಳಿ ಓಡಿಸುತ್ತಾ ಕಿವಿಗೆ ಇಯರ್‌ಫೋನು ತುರುಕಿಕೊಂಡರೆ ಆ ಬಿಡುವನ್ನು ನಾವೇ ಮಾರಿಕೊಂಡಂತೆ. (ಈ ಮಾತನ್ನು ನನ್ನ ಮೊಮ್ಮಗ ಒಪ್ಪುವುದಿಲ್ಲ.)

ಸಂಗ್ರಹವಾದ ಮೇಲೆ ಬೇಕಾದದ್ದು ವಿಶ್ರಾಂತಿ. ಇಂಗ್ಲೆಂಡಿನ ಗ್ರಹಾಂ ವಾಲಸ್ 1926ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಹೊಸ ಆಲೋಚನೆಗೆ ನಾಲ್ಕು ಘಟ್ಟಗಳನ್ನು ಹೇಳಿದರು: ಸಿದ್ಧತೆ, ಕಾವು ಕೂರುವುದು, ಹೊಳೆಯುವುದು, ಪರೀಕ್ಷಿಸುವುದು. ಈ ಎರಡನೆಯ ಘಟ್ಟದಲ್ಲಿ ಕೋಳಿಯನ್ನು ಮೇಲಿಂದ ಮೇಲೆ ಎಬ್ಬಿಸಿ ಮೊಟ್ಟೆ ನೋಡಬಾರದು. ಜರ್ಮನಿಯ ಸಂಶೋಧಕರು 2004ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಗುಟ್ಟಾದ ಅಡ್ಡದಾರಿಯೊಂದು ಅಡಗಿದ್ದ ಲೆಕ್ಕಗಳನ್ನು ಜನರಿಗೆ ಕೊಟ್ಟು, ನಡುವೆ ಎಂಟು ಗಂಟೆಗಳ ಅಂತರವನ್ನಿಟ್ಟರು. ಆ ಅವಧಿಯಲ್ಲಿ ನಿದ್ರಿಸಿದವರಲ್ಲಿ ಶೇ. 59 ಮಂದಿ ಗುಟ್ಟನ್ನು ಕಂಡುಕೊಂಡರೆ, ಎಚ್ಚರವಾಗಿದ್ದವರಲ್ಲಿ ಶೇ. 23ರಷ್ಟೇ. ಸುಖ, ಪುಷ್ಟಿ, ಬಲಗಳ ಜೊತೆಗೆ ಜ್ಞಾನವೂ ನಿದ್ರೆಯನ್ನೇ ಆಶ್ರಯಿಸಿದೆಯೆಂದು ಚರಕಾಚಾರ್ಯರು ಸೂತ್ರಸ್ಥಾನದಲ್ಲಿ ಹೇಳಿದ್ದನ್ನು ಓದಿದವರಿಗೆ ಇದು ಅಚ್ಚರಿಯ ಸಂಗತಿಯಲ್ಲ. ಪರೀಕ್ಷೆಯ ಕಾಲದಲ್ಲಿ ಮಕ್ಕಳನ್ನು ರಾತ್ರಿ ಒಂದರವರೆಗೆ ಎಬ್ಬಿಸಿ ಕೂರಿಸುವ ತಂದೆತಾಯಿಗಳು ದಯವಿಟ್ಟು ಈ ಸಾಲುಗಳನ್ನು ಎರಡು ಬಾರಿ ಓದಬೇಕು.

ನಡಿಗೆಯದೂ ಇದೇ ಬಗೆಯ ಗುಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಳಿತಿರುವಾಗಿಗಿಂತ ನಡೆಯುವಾಗ ಹೊಸ ಊಹೆಗಳ ಹುಟ್ಟು ಸರಾಸರಿ ಶೇ. 60ರಷ್ಟು ಹೆಚ್ಚಿತ್ತು. ಆದರೆ ಒಂದೇ ಸರಿಯುತ್ತರವಿರುವ ಪ್ರಶ್ನೆಗಳಿಗೆ ನಡಿಗೆಯಿಂದ ಆ ಲಾಭವಾಗಲಿಲ್ಲ. ಊಹಿಸಲು ನಡೆಯಬೇಕು, ತೂಗಲು ಕೂರಬೇಕು ಎಂದು ಇಟ್ಟುಕೊಳ್ಳಬಹುದು.

ಇನ್ನು ಜೊತೆಗೂಡಿ ಯೋಚಿಸುವುದು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯರು ವೈದ್ಯರೊಡನೆ ನಡೆಸುವ ಸಂಭಾಷೆಯನ್ನು ಎರಡು ಬಗೆಯಾಗಿ ವಿಂಗಡಿಸಿದೆ: ಸ್ನೇಹದಿಂದ ಕೂಡಿ ನಡೆಸುವ ಸಂಧಾಯ ಸಂಭಾಷೆ, ಗೆಲ್ಲಲೆಂದೇ ನಡೆಸುವ ವಿಗೃಹ್ಯ ಸಂಭಾಷೆ. ಊಹೆ ಮೊಳೆಯುವುದು ಮೊದಲನೆಯದರಲ್ಲಿ. ಅಮೆರಿಕದ ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್‌ಬಾರ್ನ್ ಪ್ರಚಾರಕ್ಕೆ ತಂದ ‘ಬ್ರೈನ್‌ಸ್ಟಾರ್ಮಿಂಗ್’ ಪದ್ಧತಿಯ ಮುಖ್ಯ ನಿಯಮವೂ ಇದೇ: ಮೊದಲು ಎಲ್ಲವನ್ನೂ ಹೇಳಲು ಬಿಡಿ, ಟೀಕೆ ಆಮೇಲೆ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ, ಒಟ್ಟಿಗೆ ಕುಳಿತ ನಾಲ್ವರಿಗಿಂತ ಬೇರೆ ಬೇರೆಯಾಗಿ ಯೋಚಿಸಿದ ನಾಲ್ವರ ಊಹೆಗಳನ್ನು ಕೂಡಿಸಿದಾಗಲೇ ಹೆಚ್ಚು ಬಂದವು. ಗುಂಪಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರ ಹೊಳಹು ಆರಿಹೋಗುತ್ತದೆ. ಹಿರಿಯರೊಬ್ಬರು ಕುಳಿತಿದ್ದರಂತೂ ಕಿರಿಯರ ಬಾಯಿಯೇ ಬಿಡುವುದಿಲ್ಲ. ಸಂಘದ ಸಭೆಗೆ, ಮನೆಯ ಮಾತುಕತೆಗೆ ಬರುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಬರಲಿ, ಕಿರಿಯರ ಚೀಟಿಯನ್ನು ಮೊದಲು ಓದಲಿ.

ಔಷಧಿಯ ಮಾತಿಗೆ ಬರೋಣ. ಹಲವರು ಇಲ್ಲಿಂದಲೇ ಓದಲು ತೊಡಗಿರುತ್ತಾರೆಂದು ಬಲ್ಲೆ. ಚರಕರು ಹೇಳಿದ ಮೇಧ್ಯ ರಸಾಯನಗಳು ನಾಲ್ಕು: ಮಂಡೂಕಪರ್ಣಿಯ ಸ್ವರಸ, ಹಾಲಿನೊಡನೆ ಯಷ್ಟಿಮಧುವಿನ ಚೂರ್ಣ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಮಂಡೂಕಪರ್ಣಿಯೆಂದರೆ ನಮ್ಮ ಗದ್ದೆಬದುಗಳ ಒಂದೆಲಗ. ಇದನ್ನೇ ಹಲವರು ಬ್ರಾಹ್ಮಿ ಎನ್ನುತ್ತಾರೆ. ನೀರುಬ್ರಾಹ್ಮಿ ಬೇರೆಯೇ ಗಿಡ, ದಪ್ಪನೆಯ ಪುಟ್ಟ ಎಲೆಗಳದು. ವಾರಕ್ಕೆರಡು ಮೂರು ದಿನ ಹತ್ತು ಹದಿನೈದು ಒಂದೆಲಗದ ಎಲೆಗಳ ಚಟ್ನಿ ಆಹಾರವಾಗಿ ಒಳ್ಳೆಯದು. ಆದರೆ ಯಕೃತ್ತಿನ ತೊಂದರೆಯಿರುವವರು ರಸವನ್ನು ತಾವಾಗಿಯೇ ಕುಡಿಯಬಾರದು, ರಕ್ತದೊತ್ತಡವಿರುವವರು ಯಷ್ಟಿಮಧುವನ್ನು ಬಹುಕಾಲ ಸೇವಿಸಬಾರದು. ಅಪಸ್ಮಾರಕ್ಕೆ ಫಿನಿಟಾಯಿನ್ ಮಾತ್ರೆಯನ್ನು ತೆಗೆದುಕೊಳ್ಳುವವರು ಶಂಖಪುಷ್ಪಿಯ ಸಿರಪ್ಪನ್ನು ಮುಟ್ಟಬಾರದು; ಮಾತ್ರೆಯ ಪ್ರಮಾಣ ರಕ್ತದಲ್ಲಿ ಇಳಿದು ಸೆಳವು ಮರುಕಳಿಸಬಹುದು.

ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ವಿದ್ಯಾರ್ಥಿಯೊಬ್ಬನಿಗೆ ಅಗ್ನಿಬಲವನ್ನು ನೋಡದೆ ಬ್ರಾಹ್ಮೀಘೃತವನ್ನು ಕೊಟ್ಟೆ. ಅವನು ನಾಲ್ಕೇ ಗಂಟೆ ಮಲಗುತ್ತಿದ್ದನೆಂಬುದನ್ನು ಕೇಳಲೇ ಇಲ್ಲ. ತುಪ್ಪ ಅರಗದೆ ಹೊಟ್ಟೆ ಕೆಟ್ಟು, ಪರೀಕ್ಷೆಯ ದಿನ ಆ ಹುಡುಗ ಹಾಸಿಗೆಯಲ್ಲಿದ್ದ. ಅಂದಿನಿಂದ ಬುದ್ಧಿಗೆ ಔಷಧಿ ಕೇಳಿದವರನ್ನೆಲ್ಲ ಮೊದಲು ನಿದ್ರೆಯ ಲೆಕ್ಕ ಕೇಳುತ್ತೇನೆ. ರಕ್ತಹೀನತೆ, ಥೈರಾಯ್ಡ್, ಬಿ-12 ಕೊರತೆಗಳಲ್ಲೂ ತಲೆ ಮಂಜಾಗುತ್ತದೆ, ಪರೀಕ್ಷೆ ಮಾಡಿಸಬೇಕು. ಏನೂ ಹೊಳೆಯದಿರುವುದರ ಜೊತೆಗೆ ಯಾವುದರಲ್ಲೂ ರುಚಿಯಿಲ್ಲದೆ, ಬದುಕೇ ಬೇಡವೆನಿಸಿದರೆ ಅದು ಮನೋವೈದ್ಯರು ನೋಡಬೇಕಾದ ಕಾಯಿಲೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

ನೇಕಾರರನ್ನೂ ಇವೆಲ್ಲ ಕೇಳಿದೆ, ರಕ್ತಪರೀಕ್ಷೆಯಲ್ಲಿ ದೋಷವಿರಲಿಲ್ಲ. ರಾತ್ರಿ ಎಂಟರೊಳಗೆ ಲಘುವಾದ ಊಟ, ಒಂಬತ್ತರ ಮೇಲೆ ಮೊಬೈಲು ಹೆಂಡತಿಯ ವಶಕ್ಕೆ, ಅಂಗಾಲಿಗೆ ಬೆಚ್ಚನೆಯ ಎಳ್ಳೆಣ್ಣೆ. ಮಲಗುವ ಮೊದಲು ಒಂದು ಪ್ರಶ್ನೆಯನ್ನು, ಒಂದನ್ನೇ, ಪುಸ್ತಕದಲ್ಲಿ ಬರೆಯುವುದು. ಬ್ರಾಹ್ಮೀ ಮುಹೂರ್ತದಲ್ಲಿ, ಸೂರ್ಯೋದಯಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ಎದ್ದು, ಪೂಜೆ ಮುಗಿಸಿ, ಕೈಗೆ ಬಂದ ಹತ್ತು ಊಹೆಗಳನ್ನು ಸರಿತಪ್ಪು ನೋಡದೆ ಗೀಚುವುದು. ಬಳಿಕ ಅರ್ಧ ಗಂಟೆ ನಡಿಗೆ. ತೂಗುವ ಕೆಲಸ ವಾರಕ್ಕೊಮ್ಮೆ, ಹೆಂಡತಿ ಮಕ್ಕಳೊಡನೆ ಕುಳಿತು.

ಕಾರ್ತಿಕದಲ್ಲಿ ಅವರು ಪುಸ್ತಕವನ್ನು ಹಿಡಿದುಕೊಂಡೇ ಬಂದರು. ನಿದ್ರೆ ಮೂರು ವಾರಗಳಲ್ಲಿ ಹದಕ್ಕೆ ಬಂದಿತ್ತು. ಪುಸ್ತಕದಲ್ಲಿ ಬರಿಯ ಗೀಟುಗಳು, ಅರ್ಧಕ್ಕೆ ಬಿಟ್ಟ ಬಳ್ಳಿಗಳು, ಖಾಲಿ ಹಾಳೆಗಳೂ ಇದ್ದವು. ಐವತ್ತನೆಯ ದಿನದ ಆಸುಪಾಸಿನಲ್ಲಿ ಒಂದು ಚಿತ್ರ: ನಾಲೆಯ ಏರಿಯ ಮೇಲೆ ನಡೆಯುವಾಗ ಕಂಡ, ಉತ್ತ ಗದ್ದೆಯಲ್ಲಿ ಸಾಲಾಗಿ ನಿಂತ ಬೆಳ್ಳಕ್ಕಿಗಳು. ಅಂಚಿನಲ್ಲಿ ಹಿಂದಿನಿಂದ ಬಂದ ಗೋಪುರದ ಸಾಲನ್ನು ಹಾಗೆಯೇ ಉಳಿಸಿಕೊಂಡು, ಗೋಪುರಗಳ ನಡುವಣ ಖಾಲಿ ಜಾಗಕ್ಕೆ ಒಂದೊಂದು ಹಕ್ಕಿಯನ್ನು ಕೂರಿಸಿದ್ದರು. ಹಾಗೆ ಕೂರಿಸಿದ್ದು ಚಿಕ್ಕ ಮಗಳ ಸಲಹೆಯಂತೆ. ಮೊದಲ ವ್ಯಾಪಾರಿ ಹಕ್ಕಿ ಓಡುವುದಿಲ್ಲವೆಂದು ಹಿಂದಿರುಗಿಸಿದರು, ಎರಡನೆಯವರು ಆರು ಸೀರೆಗಳಿಗೆ ಮುಂಗಡ ಕೊಟ್ಟಿದ್ದಾರೆ. ಎದೆಯುರಿ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ದಿನಕ್ಕೆ ಐದು ಲೋಟ ಕಾಫಿ ಕುಡಿಯುತ್ತಿದ್ದರಂತೆ. ಎರಡಕ್ಕೆ ಇಳಿಸಿ ಬರಲು ಹೇಳಿದ್ದೇನೆ.